ಐವರ ಅಂಕಣ: ಚಿಕ್ಕ ಕಾಲೇಜಿನ ಬಾಲ್ ಬ್ಯಾಡ್ಮಿಂಟನ್ ತಂಡ

(ಮಾತನಾಡುವವರು ಇಬ್ಬರು. ಒಬ್ಬರು ಹಾಸನ ಸೀಮೆಯ ಚಿಕ್ಕ ಪದವಿ ಕಾಲೇಜೊಂದರಲ್ಲಿ ಹೊಸದಾಗಿ ಕ್ರೀಡಾ ಸಮಿತಿಯ ಹೊಣೆ ಹೊತ್ತ ಉಪನ್ಯಾಸಕಿ. ಇನ್ನೊಬ್ಬರು ನಿವೃತ್ತ ದೈಹಿಕ ಶಿಕ್ಷಣ ನಿರ್ದೇಶಕರು.)

ಉಪನ್ಯಾಸಕಿ: ಬಾಲ್ ಬ್ಯಾಡ್ಮಿಂಟನ್ ಆಟದ ಕಟ್ಟಳೆಯಿಂದಲೇ ಆರಂಭವಾಗಲಿ ಸರ್. ಶಟಲ್ ಎಲ್ಲರೂ ಬಲ್ಲ ಆಟ, ಟೆನಿಸನ್ನು ಟಿ.ವಿ.ಯಲ್ಲಿ ನೋಡದವರಿಲ್ಲ. ಇದು ಎರಡರ ನಡುವಿನ ಆಟವೇ?

ನಿರ್ದೇಶಕರು: ಎರಡರ ನೆಂಟಸ್ತನವೂ ಇದೆ, ಎರಡರಲ್ಲೂ ಇಲ್ಲದ ಒಂದು ಗುಣವೂ ಇದೆ. 24 ಮೀಟರ್ ಉದ್ದ, 12 ಮೀಟರ್ ಅಗಲದ ಬಯಲು ಅಂಕಣ. ನಡುವೆ ಆಳೆತ್ತರದ ನೆಟ್. ಚೆಂಡು ಹಳದಿ ಉಣ್ಣೆಯದು, ಸುಮಾರು 5 ಸೆಂಟಿಮೀಟರ್ ವ್ಯಾಸ, ತೂಕ 30 ಗ್ರಾಂ ಒಳಗೆ. ಒಂದೊಂದು ಕಡೆ ಐದೈದು ಜನ. ನೆಟ್‌ನಿಂದ ಒಂದು ಮೀಟರ್ ದೂರಕ್ಕೆ ಎರಡೂ ಬದಿಯಲ್ಲಿ ಒಂದು ಅಡ್ಡಗೆರೆ ಇರುತ್ತದೆ. ಸರ್ವ್ ಮಾಡಿದ ಚೆಂಡು ಎದುರಾಳಿಯ ಅಡ್ಡಗೆರೆಯನ್ನು ದಾಟಿ, ಓರೆಯಾಗಿ ಎದುರಿನ ಅರ್ಧಕ್ಕೆ ಹೋಗಬೇಕು. ಸರ್ವ್ ಸೊಂಟದ ಕೆಳಗಿನಿಂದಲೇ ಆಗಬೇಕು, ತಲೆಯ ಮೇಲಿಂದ ಹೊಡೆದರೆ ತಪ್ಪು. ಆಮೇಲೆ ಆ ಚೆಂಡನ್ನು ಐವರಲ್ಲಿ ಯಾರಾದರೂ ಹಿಂದಿರುಗಿಸಬಹುದು. ಆದರೆ ಅದು ನೆಲ ಮುಟ್ಟುವಂತಿಲ್ಲ, ಒಬ್ಬರೇ ಎರಡು ಸಲ ಹೊಡೆಯುವಂತಿಲ್ಲ. ಹಿಂದೆ ಒಂದು ಗೇಮ್ 29 ಅಂಕಕ್ಕೆ ಮುಗಿಯುತ್ತಿತ್ತು, ಈಗ 35ಕ್ಕೆ. ಮೂರರಲ್ಲಿ ಎರಡು ಗೆದ್ದವರಿಗೆ ಪಂದ್ಯ.

ಉಪನ್ಯಾಸಕಿ: ಹಾಗಾದರೆ ಎರಡರಲ್ಲೂ ಇಲ್ಲದ ಗುಣ ಯಾವುದು?

ನಿರ್ದೇಶಕರು: ಐದು ಜನ ಎಂಬುದೇ. ಟೆನಿಸ್ ಆಗಲಿ ಶಟಲ್ ಆಗಲಿ, ತಂಡ ಎಂದು ಹೆಸರಿದ್ದರೂ ಅಂಕಣಕ್ಕೆ ಇಳಿಯುವುದು ಒಬ್ಬರು ಅಥವಾ ಇಬ್ಬರು. ಬಾಲ್ ಬ್ಯಾಡ್ಮಿಂಟನ್‌ನಲ್ಲಿ ತಂಡವೇ ಒಟ್ಟಾಗಿ ಇಳಿಯುತ್ತದೆ. ಒಬ್ಬ ಎಷ್ಟೇ ಚುರುಕಾಗಿದ್ದರೂ 12 ಮೀಟರ್ ಅಗಲವನ್ನು ಒಂಟಿಯಾಗಿ ಕಾಯಲಾರ. ಡಬಲ್ಸ್ ಎಂಬ ಇಬ್ಬರಾಟವೂ ಉಂಟು. ಆದರೂ ಈ ಆಟದ ನಿಜವಾದ ಮುಖ ‘ಫೈವ್ಸ್’, ಅಂದರೆ ಐವರಾಟ.

ಉಪನ್ಯಾಸಕಿ: ಇದು ಎಲ್ಲಿಂದ ಬಂದ ಆಟ?

ನಿರ್ದೇಶಕರು: ಇಲ್ಲಿಯದೇ, ದಕ್ಷಿಣ ಭಾರತದ್ದು. ತಂಜಾವೂರಿನ ಅರಮನೆಯಲ್ಲಿ 1856ರ ಹೊತ್ತಿಗೇ ಆಡುತ್ತಿದ್ದರೆಂಬುದು ಈ ಆಟದ ಚರಿತ್ರೆಯಲ್ಲಿ ನೆಲೆಯಾಗಿರುವ ಮಾತು. ಅಲ್ಲಿಂದ ಊರ ಬಯಲಿಗೆ, ಶಾಲೆಯ ಅಂಗಳಕ್ಕೆ, ರೈಲ್ವೆ ಕಾಲೊನಿಗಳಿಗೆ ಹರಡಿತು. ಭಾರತೀಯ ಬಾಲ್ ಬ್ಯಾಡ್ಮಿಂಟನ್ ಫೆಡರೇಷನ್ ಹುಟ್ಟಿದ್ದು 1954ರಲ್ಲಿ. ಆಂಧ್ರದ ಕೃಷ್ಣಾ ಜಿಲ್ಲೆಯ ಜೆ. ಪಿಚ್ಚಯ್ಯ ಅವರಿಗೆ 1970ರಲ್ಲಿ ಅರ್ಜುನ ಪ್ರಶಸ್ತಿ ಬಂದಾಗ ದೇಶವಿಡೀ ಈ ಆಟದ ಹೆಸರು ಕೇಳಿತು. ಕರ್ನಾಟಕದಲ್ಲಿ ಶಾಲಾ ಕ್ರೀಡಾಕೂಟದ ಗುಂಪು ಆಟಗಳಲ್ಲಿ ಇದಕ್ಕೂ ಜಾಗವಿದೆ. ಹೋಬಳಿ, ತಾಲ್ಲೂಕು, ಜಿಲ್ಲೆ ಎಂದು ಹಂತಹಂತವಾಗಿ ಆಡಿ ಬಂದ ಒಂದಿಬ್ಬರು ಮಕ್ಕಳು ಪ್ರತಿ ವರ್ಷ ಪದವಿ ತರಗತಿಗೆ ಸೇರುವ ಸಂಭವ ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದ ಕಡೆ ಇದ್ದೇ ಇರುತ್ತದೆ. ಚಿಕ್ಕ ಕಾಲೇಜಿನ ತಂಡಕ್ಕೆ ಬೀಜ ಸಿಗುವುದು ಅಲ್ಲಿ.

ಉಪನ್ಯಾಸಕಿ: ವಿದ್ಯಾರ್ಥಿಗಳು ಕೇಳುವುದು ಟೆನಿಸ್ ತಂಡ. ಪಕ್ಕದ ಕೊಡಗಿನ ರೋಹನ್ ಬೋಪಣ್ಣ ಹೆಸರು ಅವರ ಬಾಯಲ್ಲಿದೆ.

ನಿರ್ದೇಶಕರು: ಇರಬೇಕಾದ ಹೆಸರೇ. ಕಾಫಿ ತೋಟದ ಮನೆಯ ಹುಡುಗ 2024ರಲ್ಲಿ, 43ನೇ ವಯಸ್ಸಿನಲ್ಲಿ ಮ್ಯಾಥ್ಯೂ ಎಬ್ಡೆನ್ ಜೊತೆ ಆಸ್ಟ್ರೇಲಿಯನ್ ಓಪನ್ ಡಬಲ್ಸ್ ಗೆದ್ದು, ಡಬಲ್ಸ್‌ನಲ್ಲಿ ವಿಶ್ವದ ಒಂದನೇ ಸ್ಥಾನಕ್ಕೇರಿದ ಅತಿ ಹಿರಿಯ ಆಟಗಾರನಾದದ್ದು ಚಿಕ್ಕ ಸಾಧನೆಯಲ್ಲ. ಆದರೆ ಮಲೆನಾಡಿನ ಕಡೆ ಟೆನಿಸ್ ಬಂದದ್ದು ಪ್ಲಾಂಟರುಗಳ ಜೊತೆ, ಬೆಳೆದದ್ದು ಅವರ ಕ್ಲಬ್ಬುಗಳ ಆವರಣದಲ್ಲಿ. ಸಕಲೇಶಪುರದ ಮಂಜರಾಬಾದ್ ಕ್ಲಬ್ 1893ರದು. ಅಂಥ ಆವರಣದ ಆಚೆ, ಬಯಲುಸೀಮೆಗೆ ತಾಗಿದ ತಾಲ್ಲೂಕುಗಳ ಕಾಲೇಜುಗಳಿಗೆ ಟೆನಿಸ್ ಅಷ್ಟಾಗಿ ಇಳಿದು ಬರಲಿಲ್ಲ. ಅದಕ್ಕೆ ಕಾರಣ ಮಕ್ಕಳಿಗೆ ಆಸೆ ಕಡಿಮೆ ಎಂದಲ್ಲ, ನೆಲ.

ಉಪನ್ಯಾಸಕಿ: ನೆಲವೇ? ಎರಡು ಅಂಕಣಗಳ ಅಳತೆ ಹೆಚ್ಚುಕಡಿಮೆ ಒಂದೇ ಅಲ್ಲವೇ?

ನಿರ್ದೇಶಕರು: ಗೆರೆಯೊಳಗಿನ ಅಳತೆ ಒಂದೇ ಎನ್ನಬಹುದು. ಟೆನಿಸ್ ಅಂಕಣ 23.77 ಮೀಟರ್ ಉದ್ದ, ಡಬಲ್ಸ್‌ಗೆ 10.97 ಮೀಟರ್ ಅಗಲ. ವ್ಯತ್ಯಾಸ ಇರುವುದು ಪುಟಿತದಲ್ಲಿ. ಟೆನಿಸ್ ಚೆಂಡು ನೆಲಕ್ಕೆ ಬಿದ್ದು ಪುಟಿಯುತ್ತದೆ, ಆಟವೆಲ್ಲ ಆ ಪುಟಿತವನ್ನು ನಂಬಿ ನಿಂತಿದೆ. ಒಂದು ಸಣ್ಣ ಗುಂಡಿ ಇದ್ದರೂ ಚೆಂಡು ಅಡ್ಡ ಹಾರುತ್ತದೆ. ಹಾಗಾಗಿ ಕಾಂಕ್ರೀಟಿನ ಮೇಲೆ ಲೇಪನ ಬೇಕು, ಇಲ್ಲವೇ ದಿನವೂ ನೀರು ಹಾಕಿ ರೋಲರ್ ಎಳೆಯುವ ಮಣ್ಣಿನಂಕಣ ಬೇಕು. ಹಿಂದೆಯೂ ಪಕ್ಕದಲ್ಲೂ ಓಡಲು ಜಾಗ ಬಿಡಬೇಕು, ಸುತ್ತ ಜಾಲರಿ ಕಟ್ಟಬೇಕು. ಉಣ್ಣೆ ಚೆಂಡಿನ ಆಟದಲ್ಲಿ ಚೆಂಡು ನೆಲಕ್ಕೆ ಬಿತ್ತೆಂದರೆ ಆ ಅಂಕವೇ ಮುಗಿಯಿತು. ನೆಲ ಗಟ್ಟಿಯಾಗಿ, ಕಾಲು ಜಾರದಂತಿದ್ದರೆ ಸಾಕು. ಕೆಮ್ಮಣ್ಣಿನ ಬಯಲಿನಲ್ಲಿ ಕಲ್ಲು ಆರಿಸಿ, ನೀರು ಚಿಮುಕಿಸಿ ತುಳಿದರೆ ಅಂಕಣ ಸಿದ್ಧ. ಇನ್ನೊಂದು ಲೆಕ್ಕವೂ ಇದೆ ಮೇಡಂ. ಒಂದು ಟೆನಿಸ್ ಅಂಕಣದಲ್ಲಿ ಒಂದು ಗಂಟೆ ಹೊತ್ತು ಆಡುವವರು ನಾಲ್ಕು ಜನ. ಅದೇ ಜಾಗದಲ್ಲಿ ಬಾಲ್ ಬ್ಯಾಡ್ಮಿಂಟನ್ ಆಡುವವರು ಹತ್ತು. ಒಂದೇ ಮೈದಾನವಿರುವ ಕಾಲೇಜಿಗೆ ಈ ಲೆಕ್ಕ ದೊಡ್ಡದು.

ಉಪನ್ಯಾಸಕಿ: ಅಂಕಣ ಹಾಕುವ ಕ್ರಮ ಹೇಗೆ?

ನಿರ್ದೇಶಕರು: ಮೊದಲು ದಿಕ್ಕು. ಉದ್ದ ಉತ್ತರ–ದಕ್ಷಿಣವಾಗಿ ಬರಬೇಕು. ಅಭ್ಯಾಸ ನಡೆಯುವುದು ಬೆಳಿಗ್ಗೆ ಅಥವಾ ಸಂಜೆ, ಆಗ ಸೂರ್ಯ ಕಣ್ಣಿಗೆ ನೇರ ಹೊಡೆಯಬಾರದು. ಆಮೇಲೆ ಮೂಲೆಗಳು. ಒಂದು ಮೊಳೆ ಹೊಡೆದು ಅಲ್ಲಿಂದ 24 ಮೀಟರ್ ದಾರ ಎಳೆದು ಇನ್ನೊಂದು ಮೊಳೆ. ಇಷ್ಟು ಯಾರು ಬೇಕಾದರೂ ಮಾಡುತ್ತಾರೆ. ಆದರೆ ಮೂಲೆ ನೇರವಾಗಿದೆಯೇ ಎಂದು ಕಣ್ಣಳತೆಯಲ್ಲಿ ನೋಡಿದರೆ ಅಂಕಣ ಸೊಟ್ಟಗಾಗುತ್ತದೆ, ಒಂದು ಬದಿಯ ತಂಡಕ್ಕೆ ಒಂದು ಗೇಣು ಹೆಚ್ಚು ನೆಲ ಸಿಗುತ್ತದೆ. ಅದಕ್ಕೆ ಮೂಲೆಯಿಂದ ಒಂದು ಕಡೆ 3 ಮೀಟರ್, ಇನ್ನೊಂದು ಕಡೆ 4 ಮೀಟರ್ ಗುರುತು ಮಾಡಿ, ಆ ಎರಡು ಗುರುತುಗಳ ನಡುವೆ ಸರಿಯಾಗಿ 5 ಮೀಟರ್ ಬರುವವರೆಗೆ ದಾರ ಸರಿಸಬೇಕು. ನಾಲ್ಕೂ ಮೊಳೆ ಹೊಡೆದ ಮೇಲೆ ಕರ್ಣ ಅಳೆಯಬೇಕು. ಎರಡೂ ಕರ್ಣ 26.83 ಮೀಟರ್ ಬಂದರೆ ಅಂಕಣ ಸರಿ. ಹೈಸ್ಕೂಲಿನಲ್ಲಿ ಪೈಥಾಗೊರಸ್ ಪ್ರಮೇಯ ಬಾಯಿಪಾಠ ಮಾಡಿದ ವಿದ್ಯಾರ್ಥಿಗೆ ಅದು ನೆಲದ ಮೇಲೆ ಕೆಲಸ ಮಾಡುವುದು ಕಾಣಿಸುವುದೇ ಇಲ್ಲಿ. ಆಮೇಲೆ ದಾರದ ಗುಂಟ ಸುಣ್ಣದ ಪುಡಿ ಬಿಡುತ್ತಾ ಹೋಗುವುದು. ಗಾಳಿ ಏಳುವ ಮೊದಲು, ಬೆಳಗಿನ ಇಬ್ಬನಿ ಇನ್ನೂ ಆರದಿರುವಾಗ ಹಾಕಿದ ಗೆರೆ ನೆಲಕ್ಕೆ ಕಚ್ಚಿಕೊಳ್ಳುತ್ತದೆ. ಒಣನೆಲದ ಮೇಲೆ ಹಾಕಿದ್ದು ಎರಡು ಗೇಮ್ ಆಡುವುದರೊಳಗೆ ಕಾಲಿಗೆ ಅಂಟಿ ಮಾಯವಾಗುತ್ತದೆ.

ಉಪನ್ಯಾಸಕಿ: ಈ ಕೆಲಸಕ್ಕೆ ಸಿಬ್ಬಂದಿ ಸಿಗುವುದು ಕಷ್ಟ.

ನಿರ್ದೇಶಕರು: ಸಿಬ್ಬಂದಿಗೆ ಬಿಡಲೂಬಾರದು. ಗೆರೆ ಹಾಕುವುದು ತಂಡದ ಕೆಲಸ, ಅದರಲ್ಲೂ ಅಂತಿಮ ವರ್ಷದವರು ಮುಂದೆ ನಿಂತು ಮಾಡಬೇಕಾದ ಕೆಲಸ. ಸಾಮಾನ್ಯವಾಗಿ ಹೊಸಬರ ಕೈಗೆ ಸುಣ್ಣದ ಡಬ್ಬಿ ಕೊಟ್ಟು ಹಳಬರು ರಾಕೆಟ್ ಹಿಡಿದು ನಿಲ್ಲುತ್ತಾರೆ. ಅಂಥ ತಂಡದಲ್ಲಿ ಹೊಸಬ ಒಂದು ತಿಂಗಳಿಗೆ ಬರುವುದು ಬಿಡುತ್ತಾನೆ. ಹಳಬ ದಾರ ಹಿಡಿದು ಹೊಸಬನಿಗೆ ಅಳತೆ ಹೇಳಿಕೊಟ್ಟರೆ ಅಂಕಣದ ವಿದ್ಯೆ ಕೈ ದಾಟುತ್ತದೆ.

ಉಪನ್ಯಾಸಕಿ: ಸಾಮಾನುಗಳ ಮಾತು?

ನಿರ್ದೇಶಕರು: ರಾಕೆಟ್ 63ರಿಂದ 70 ಸೆಂಟಿಮೀಟರ್ ಉದ್ದ, 165ರಿಂದ 185 ಗ್ರಾಂ ತೂಕ. ಮೊದಲು ಮರದ್ದು, ಈಗ ಲೋಹದ್ದು, ಫೈಬರಿನದು. ಚೌಕಟ್ಟು ವರ್ಷಗಟ್ಟಲೆ ಬಾಳುತ್ತದೆ, ಹರಿಯುವುದು ಗಟ್, ಅಂದರೆ ಅದರೊಳಗೆ ಹೆಣೆದ ಎಳೆ. ಚಿಕ್ಕ ಊರಿನಲ್ಲಿ ಗಟ್ ಹಾಕುವವರಿರುವುದಿಲ್ಲ, ಹಾಸನಕ್ಕೋ ಮೈಸೂರಿಗೋ ಕಳಿಸಬೇಕು. ಪಂದ್ಯದ ಹಿಂದಿನ ದಿನ ಗಟ್ ಹರಿದರೆ ಆಟಗಾರ ಬೇರೆಯವರ ರಾಕೆಟ್ ಹಿಡಿದು ಅಂಕಣಕ್ಕೆ ಇಳಿಯುತ್ತಾನೆ, ಸರ್ವ್ ಕೆಡುತ್ತದೆ. ಹಾಗಾಗಿ ಕ್ರೀಡಾ ಶುಲ್ಕದ ಹಣದಲ್ಲಿ ಹೊಸ ರಾಕೆಟ್ ಕೊಳ್ಳುವುದಕ್ಕಿಂತ ಇರುವ ರಾಕೆಟ್ಟುಗಳಿಗೆ ಸಮಯಕ್ಕೆ ಗಟ್ ಹಾಕಿಸುವುದು ಜಾಣತನ. ಚೆಂಡಿನ ವಿಷಯ ಬೇರೆ. ಹೊಸ ಉಣ್ಣೆ ಚೆಂಡು ಬಿಗಿಯಾಗಿರುತ್ತದೆ, ಸರ್ವ್‌ನಲ್ಲಿ ಗಿರ್ರನೆ ತಿರುಗುತ್ತದೆ. ಆಡಿದಂತೆ ಎಳೆ ಎದ್ದು ಉಬ್ಬುತ್ತದೆ, ವೇಗ ತಗ್ಗುತ್ತದೆ. ಇಬ್ಬನಿ ಹಿಡಿದರೆ ಭಾರವಾಗುತ್ತದೆ. ಹಳೆಯ ಚೆಂಡುಗಳನ್ನು ಅಭ್ಯಾಸಕ್ಕೆ ಇಟ್ಟು ಹೊಸದನ್ನು ಪಂದ್ಯಕ್ಕೆ ಮಾತ್ರ ತೆಗೆದರೆ ಹಣ ಉಳಿಯುತ್ತದೆ ನಿಜ. ಆದರೆ ಬರೀ ಹಳೆಯ ಚೆಂಡಿನಲ್ಲಿ ಕಲಿತವರು ಪಂದ್ಯದ ದಿನ ಹೊಸ ಚೆಂಡಿನ ತಿರುವಿಗೆ ತಬ್ಬಿಬ್ಬಾಗುತ್ತಾರೆ. ವಾರಕ್ಕೊಂದು ದಿನವಾದರೂ ಹೊಸ ಚೆಂಡು ತೆಗೆಯಲೇಬೇಕು.

ಉಪನ್ಯಾಸಕಿ: ಐವರಲ್ಲಿ ಯಾರು ಎಲ್ಲಿ ನಿಲ್ಲುತ್ತಾರೆ?

ನಿರ್ದೇಶಕರು: ಮುಂದೆ ಇಬ್ಬರು ಫ್ರಂಟ್, ನಡುವೆ ಒಬ್ಬ ಸೆಂಟರ್, ಹಿಂದೆ ಇಬ್ಬರು ಬ್ಯಾಕ್. ಇದು ಸಾಮಾನ್ಯ ಜೋಡಣೆ. ಫ್ರಂಟ್‌ನವರಿಗೆ ಕೈ ಚುರುಕಿರಬೇಕು. ನೆಟ್ ಪಕ್ಕದಲ್ಲೇ ಚೆಂಡನ್ನು ಕಟ್ ಮಾಡಿ ಇಳಿಸುವವರು ಅವರೇ. ಬ್ಯಾಕ್‌ನವರಿಗೆ ತೋಳಿನ ಬಲವೂ ತಾಳ್ಮೆಯೂ ಬೇಕು. ಎದುರಾಳಿ ಹೊಡೆದ ಸ್ಮ್ಯಾಷನ್ನು ಎತ್ತಿ ಮತ್ತೆ ಅವರ ಹಿಂದಿನ ಗೆರೆಗೆ ಕಳಿಸುವ ಕೆಲಸ, ನೋಡುವವರು ಚಪ್ಪಾಳೆ ಹೊಡೆಯದ ಕೆಲಸ ಅದು. ಸೆಂಟರ್ ಆದವನು ಆಟವನ್ನು ಓದಬೇಕು. ಚಿಕ್ಕ ಕಾಲೇಜುಗಳಲ್ಲಿ ನಡೆಯುವ ತಪ್ಪೆಂದರೆ ಅತ್ಯುತ್ತಮ ಆಟಗಾರನನ್ನು ಮುಂದೆ ನಿಲ್ಲಿಸುವುದು. ಅವನ ಹೊಡೆತ ಕಣ್ಣಿಗೆ ಕಾಣುತ್ತದೆ, ಹಿಂದಿನ ಎರಡು ಮೂಲೆ ಖಾಲಿ ಬೀಳುವುದು ಕಾಣುವುದಿಲ್ಲ.

ಉಪನ್ಯಾಸಕಿ: ಇಬ್ಬರ ನಡುವೆ ಬಂದ ಚೆಂಡು ಯಾರದು?

ನಿರ್ದೇಶಕರು: ಸೋಲುಗಳಲ್ಲಿ ಬಹುಪಾಲು ಆ ಪ್ರಶ್ನೆಯಲ್ಲೇ ಅಡಗಿದೆ. ಸೆಂಟರ್ ಮತ್ತು ಬ್ಯಾಕ್ ನಡುವೆ ಚೆಂಡು ಇಳಿಯುತ್ತದೆ. ಇಬ್ಬರೂ ಒಂದು ಹೆಜ್ಜೆ ಇಡುತ್ತಾರೆ, ಇಬ್ಬರೂ ನಿಲ್ಲುತ್ತಾರೆ, ಚೆಂಡು ನಡುವೆ ಬೀಳುತ್ತದೆ. ಇಲ್ಲವೇ ಇಬ್ಬರೂ ನುಗ್ಗಿ ರಾಕೆಟ್ಟಿಗೆ ರಾಕೆಟ್ ಬಡಿಯುತ್ತದೆ. ಇದಕ್ಕೆ ಇರುವ ಮದ್ದು ಬಾಯಿ. “ನಂದು” ಎಂದು ಮೊದಲು ಕೂಗಿದವನದು ಚೆಂಡು. ಉಳಿದವರು ಆ ಕ್ಷಣವೇ ಅವನು ಬಿಟ್ಟ ಜಾಗಕ್ಕೆ ಸರಿಯಬೇಕು. ಹಳ್ಳಿಯಿಂದ ಬಂದ ಸಂಕೋಚದ ಹುಡುಗ ತನಗಿಂತ ಎರಡು ವರ್ಷ ದೊಡ್ಡವನ ಎದುರು “ನಂದು” ಎಂದು ಗಟ್ಟಿಯಾಗಿ ಕೂಗಲು ತಿಂಗಳುಗಳೇ ಹಿಡಿಯುತ್ತವೆ. ಹೊಡೆತ ಕಲಿಸುವುದಕ್ಕಿಂತ ಈ ಕೂಗು ಕಲಿಸುವುದು ಕಷ್ಟ. ಕಲಿಸುವ ದಾರಿಯೂ ಇದೆ: ಅಭ್ಯಾಸದಲ್ಲಿ ಕೂಗದೆ ಹೊಡೆದರೆ, ಹೊಡೆತ ಎಷ್ಟೇ ಚೆನ್ನಾಗಿದ್ದರೂ ಅಂಕ ಎದುರಾಳಿಗೆ ಎಂಬ ಕಟ್ಟಳೆ. ಹಿರಿಯ ಕಿರಿಯ ಎಂಬ ಅಂತರ ಅಂಕಣದೊಳಗೆ ಕರಗುವುದು ಹೀಗೆ.

ಉಪನ್ಯಾಸಕಿ: ಅಭ್ಯಾಸಕ್ಕೆ ಹೊತ್ತು ಹೊಂದಿಸುವುದೇ ದೊಡ್ಡ ತೊಡಕು. ಬಹಳಷ್ಟು ವಿದ್ಯಾರ್ಥಿಗಳು ದಿನವೂ ಊರಿಂದ ಓಡಾಡುವವರು.

ನಿರ್ದೇಶಕರು: ಬಸ್ಸಿನ ವೇಳೆಯೇ ಇಲ್ಲಿ ತರಬೇತುದಾರ. ಶೆಟ್ಟಿಹಳ್ಳಿಯನ್ನೇ ತೆಗೆದುಕೊಳ್ಳಿ. ಹಾಸನದಿಂದ 20 ಕಿಲೋಮೀಟರ್ ಆಸುಪಾಸು, ಗೊರೂರು ಹೇಮಾವತಿ ಜಲಾಶಯದ ಹಿನ್ನೀರಿನ ದಂಡೆ, ಮಳೆಗಾಲದಲ್ಲಿ ಅರ್ಧ ಮುಳುಗುವ 1860ರ ದಶಕದ ಚರ್ಚಿನಿಂದ ಹೆಸರಾದ ಊರು. ಅಂಥ ಊರಿನ ವಿದ್ಯಾರ್ಥಿ ಸಂಜೆಯ ಬಸ್ ತಪ್ಪಿಸಿಕೊಂಡರೆ ಮನೆ ಸೇರುವುದು ಪ್ರಯಾಸ. ಹಾಗಿರುವಾಗ ಸಂಜೆ ಐದಕ್ಕೆ ಅಭ್ಯಾಸ ಎಂದು ಬೋರ್ಡಿಗೆ ಹಾಕಿದರೆ ತಂಡದಲ್ಲಿ ಉಳಿಯುವವರು ಹಾಸ್ಟೆಲಿನವರು ಮತ್ತು ಊರೊಳಗಿನವರು ಮಾತ್ರ. ಬೆಳಿಗ್ಗೆ ಮೊದಲ ಬಸ್ಸಿಗೆ ಬಂದು ತರಗತಿ ಶುರುವಾಗುವ ಮೊದಲು ಒಂದು ಗಂಟೆ, ಮಧ್ಯಾಹ್ನದ ಬಿಡುವಿನಲ್ಲಿ ಅರ್ಧ ಗಂಟೆ ಸರ್ವ್ ಮಾತ್ರ. ಹೀಗೆ ಒಡೆದು ಹಂಚಿದರೆ ದೂರದವರೂ ಉಳಿಯುತ್ತಾರೆ. ತಂಡ ಕಟ್ಟುವ ಮೊದಲು ಯಾರ ಊರಿಗೆ ಯಾವ ಬಸ್ ಎಷ್ಟು ಹೊತ್ತಿಗೆ ಎಂಬ ಪಟ್ಟಿ ಬರೆದಿಟ್ಟುಕೊಳ್ಳುವುದು ಒಳ್ಳೆಯದು.

ಉಪನ್ಯಾಸಕಿ: ಬೆಳೆಯ ಕಾಲದಲ್ಲಿ ಹಾಜರಿಯೇ ಇರುವುದಿಲ್ಲ.

ನಿರ್ದೇಶಕರು: ಅದೂ ತಂಡದ ಪಂಚಾಂಗದೊಳಗೆ ಬರಬೇಕು. ಹಾಸನ ಆಲೂಗಡ್ಡೆಯ ಜಿಲ್ಲೆ. ಮುಂಗಾರಿನ ಮೊದಲ ಮಳೆಗೆ ನೆಟ್ಟದ್ದು ಮೂರು ತಿಂಗಳಿಗೆ ಕೀಳಲು ಬರುತ್ತದೆ. ಅರಕಲಗೂಡು, ರಾಮನಾಥಪುರದ ಕಡೆ ಹೊಗೆಸೊಪ್ಪು, ಅದನ್ನು ಬ್ಯಾರನ್ನಿನಲ್ಲಿ ಬೇಯಿಸುವ ದಿನಗಳಲ್ಲಿ ರಾತ್ರಿಯೆಲ್ಲ ಬೆಂಕಿ ಕಾಯಬೇಕು. ಆಮೇಲೆ ರಾಗಿ ಕೊಯ್ಲು. ಇಂಥ ದಿನಗಳಲ್ಲಿ ಬಾರದವನ ಹೆಸರು ಹೊಡೆದುಹಾಕಿದರೆ ತಂಡಕ್ಕೇ ನಷ್ಟ. ಹೊಲದಲ್ಲಿ ಬಾಗಿ ಎದ್ದ ಬೆನ್ನು, ಮೂಟೆ ಎತ್ತಿದ ತೋಳು ಅಂಕಣದಲ್ಲೂ ದುಡಿಯುತ್ತವೆ. ಹತ್ತು ಜನರ ಪಟ್ಟಿ ಇರಬೇಕೆನ್ನುವುದು ಇದಕ್ಕೇ. ಐವರು ಮಾತ್ರ ಇರುವ ತಂಡ ಒಬ್ಬನ ಮನೆಯ ಕೊಯ್ಲಿಗೆ ಕೂತುಬಿಡುತ್ತದೆ.

ಉಪನ್ಯಾಸಕಿ: ಮಳೆ, ಗಾಳಿ?

ನಿರ್ದೇಶಕರು: ಮಳೆಗೆ ಉಪಾಯವಿಲ್ಲ. ಬಯಲಾಟ, ನಿಲ್ಲಿಸಲೇಬೇಕು. ಗಾಳಿಗೆ ಉಪಾಯವಿದೆ. ಆಷಾಢದಲ್ಲಿ ಸಕಲೇಶಪುರದ ಕಡೆಯಿಂದ ಬೀಸುವ ಪಡುವಣ ಗಾಳಿಗೆ ಹಿನ್ನೀರಿನ ದಂಡೆಯ ಊರುಗಳಲ್ಲಿ ತಡೆಯೇ ಇರುವುದಿಲ್ಲ. ಅಂಕಣ ಉತ್ತರ–ದಕ್ಷಿಣವಾಗಿರುವುದರಿಂದ ಗಾಳಿ ಅಡ್ಡ ಹೊಡೆಯುತ್ತದೆ. 30 ಗ್ರಾಂ ಕೂಡ ಇಲ್ಲದ ಚೆಂಡು ಎತ್ತರಕ್ಕೆ ಹೋದಷ್ಟೂ ಮೂಡಲಿಗೆ ಸರಿಯುತ್ತದೆ. ಅದಕ್ಕೆ ಮೂರು ಕಲಿಕೆ: ಚೆಂಡನ್ನು ತಗ್ಗಿನಲ್ಲಿ ಆಡುವುದು, ಪಡುವಣ ಗೆರೆಯ ಹೊರಗೇ ಹೋಗುತ್ತದೇನೋ ಎನ್ನುವಷ್ಟು ಅಂಚಿಗೆ ಗುರಿಯಿಡುವುದು, ಎದುರಾಳಿ ಎತ್ತಿದ ಚೆಂಡಿಗೆ ಅದು ಕಂಡ ಜಾಗಕ್ಕೆ ಓಡದೆ ಅದು ಇಳಿಯುವ ಜಾಗಕ್ಕೆ ಓಡುವುದು. ಒಳಾಂಗಣದಲ್ಲಿ ಕಲಿತ ತಂಡಗಳು ಬಯಲಿಗೆ ಬಂದಾಗ ಪರದಾಡುವುದು ಇಲ್ಲಿಯೇ. ಚಿಕ್ಕ ಕಾಲೇಜಿಗೆ ದೊಡ್ಡ ಕಾಲೇಜಿನ ಎದುರು ನಿಜವಾದ ಅನುಕೂಲ ಯಾವುದಾದರೂ ಇದ್ದರೆ ಅದು ಗಾಳಿಯ ಅಭ್ಯಾಸ.

ಉಪನ್ಯಾಸಕಿ: ಹುಡುಗಿಯರ ತಂಡ ಕಟ್ಟುವುದು ಸಾಧ್ಯವೇ?

ನಿರ್ದೇಶಕರು: ಸಾಧ್ಯ ಮಾತ್ರವಲ್ಲ, ಅನೇಕ ಕಡೆ ಅದೇ ಸುಲಭ. ಪದವಿ ಕಾಲೇಜುಗಳಲ್ಲಿ ಈಗ ಹುಡುಗಿಯರ ಸಂಖ್ಯೆಯೇ ಹೆಚ್ಚಿರುವುದು ಅಪರೂಪವಲ್ಲ. ಹೊಳೆನರಸೀಪುರದಲ್ಲಿ ಗೃಹವಿಜ್ಞಾನಕ್ಕೇ ಮೀಸಲಾದ ಸರ್ಕಾರಿ ಮಹಿಳಾ ಕಾಲೇಜಿದೆ. ಹೈಸ್ಕೂಲಿನಲ್ಲಿ ಥ್ರೋಬಾಲ್ ಆಡಿದ ಕೈ ರಾಕೆಟ್ಟಿಗೆ ಬೇಗ ಒಗ್ಗುತ್ತದೆ. ತೊಡಕಿರುವುದು ಆಟದಲ್ಲಲ್ಲ, ಸುತ್ತಲಿನ ವ್ಯವಸ್ಥೆಯಲ್ಲಿ. ಬಟ್ಟೆ ಬದಲಿಸಲು ಬೀಗ ಹಾಕಬಹುದಾದ ಕೋಣೆ, ನೀರಿರುವ ಶೌಚಾಲಯ, ಹೊರಗೂರಿನ ಪಂದ್ಯಕ್ಕೆ ಜೊತೆಗೆ ಬರುವ ಒಬ್ಬ ಉಪನ್ಯಾಸಕಿ, ಮನೆಯವರೊಡನೆ ಮೊದಲೇ ಒಂದು ಮಾತು. ಇಷ್ಟು ಆಗದೆ ನೆಟ್ ಕಟ್ಟಿದರೆ ಮೊದಲ ವಾರ ಇಪ್ಪತ್ತು ಜನ ಬಂದು ಎರಡನೇ ವಾರ ನಾಲ್ಕೇ ಉಳಿಯುತ್ತಾರೆ. ಅಂಕಣದ ಹೊತ್ತನ್ನು ಹಂಚುವಾಗಲೂ ಹುಡುಗರು ಬಿಟ್ಟ ಮೇಲೆ ಉಳಿದ ಹೊತ್ತು ಹುಡುಗಿಯರಿಗೆ ಎಂಬ ಪದ್ಧತಿ ನ್ಯಾಯವಲ್ಲ. ಬೆಳಗಿನ ಗಾಳಿಯಿಲ್ಲದ ಹೊತ್ತು ಇಬ್ಬರಿಗೂ ದಿನ ಬಿಟ್ಟು ದಿನ ಸಿಗಬೇಕು.

ಉಪನ್ಯಾಸಕಿ: ಇನ್ನು ಪಂದ್ಯಗಳು. ಅಂತರ ಕಾಲೇಜು ಕೂಟಕ್ಕೆ ಹೋಗುವ ದಾರಿ ಹೇಗೆ?

ನಿರ್ದೇಶಕರು: ಮೊದಲ ಮೆಟ್ಟಿಲು ವಿಶ್ವವಿದ್ಯಾಲಯದ ಅಂತರ ಕಾಲೇಜು ಪಂದ್ಯಾವಳಿ. ಹಾಸನ ಜಿಲ್ಲೆಯ ಪದವಿ ಕಾಲೇಜುಗಳು ಬಹುಕಾಲ 1916ರ ಮೈಸೂರು ವಿಶ್ವವಿದ್ಯಾಲಯದ ಕೆಳಗಿದ್ದವು. ಅಲ್ಲಿ ಮೈಸೂರು ನಗರದ ದೊಡ್ಡ ಕಾಲೇಜುಗಳ ಜೊತೆಯೇ ಸೆಣಸಬೇಕಿತ್ತು, ಓಡಾಟವೂ ದೂರ. 2023ರಲ್ಲಿ ಹಾಸನದ ಬಳಿಯ ಹೇಮಗಂಗೋತ್ರಿ ಆವರಣದಲ್ಲಿ ಹಾಸನ ವಿಶ್ವವಿದ್ಯಾಲಯ ಆರಂಭವಾಯಿತು. ಎಂಜಿನಿಯರಿಂಗ್ ಕಾಲೇಜುಗಳ ದಾರಿ ಬೇರೆ: ಹಾಸನದ 1960ರ ಮಲ್ನಾಡ್ ಕಾಲೇಜಿನಂಥವು 1998ರಲ್ಲಿ ಹುಟ್ಟಿದ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಕೂಟಗಳಿಗೆ ಹೋಗುತ್ತವೆ. ವಿಶ್ವವಿದ್ಯಾಲಯ ಚಿಕ್ಕದಾದಷ್ಟೂ ಅದರ ತಂಡಕ್ಕೆ ಆಯ್ಕೆಯಾಗುವ ಅವಕಾಶ ಚಿಕ್ಕ ಕಾಲೇಜಿನವರಿಗೆ ಹೆಚ್ಚು. ಅಂತರ ಕಾಲೇಜು ಪಂದ್ಯಗಳಲ್ಲಿ ಕಾಲೇಜು ಸೋತರೂ ಚೆನ್ನಾಗಿ ಆಡಿದವನನ್ನು ಆಯ್ಕೆದಾರರು ವಿಶ್ವವಿದ್ಯಾಲಯದ ತಂಡಕ್ಕೆ ಕರೆಯಬಹುದು. ಈ ವಿಷಯ ಮಕ್ಕಳಿಗೆ ಮೊದಲೇ ತಿಳಿದಿರಬೇಕು. ಗೊತ್ತಿಲ್ಲದವರು ಮೊದಲ ಗೇಮ್ ಸೋತೊಡನೆ ಕೈಚೆಲ್ಲುತ್ತಾರೆ.

ಉಪನ್ಯಾಸಕಿ: ಅದರ ಮುಂದಿನ ಮೆಟ್ಟಿಲು?

ನಿರ್ದೇಶಕರು: ದಕ್ಷಿಣ ವಲಯ ಅಂತರ ವಿಶ್ವವಿದ್ಯಾಲಯ ಪಂದ್ಯಾವಳಿ, ಆಮೇಲೆ ಅಖಿಲ ಭಾರತ. ಭಾರತೀಯ ವಿಶ್ವವಿದ್ಯಾಲಯಗಳ ಸಂಘ ಇದನ್ನು ನಡೆಸುತ್ತದೆ. ಆಟಗಾರನ ವಯಸ್ಸು 17ರಿಂದ 25ರ ಒಳಗಿರಬೇಕು. ಅಲ್ಲಿ ತಮಿಳುನಾಡಿನ ತಂಡಗಳು ಬಲವಾದವು. ಕರ್ನಾಟಕದೊಳಗೆ ಮೂಡುಬಿದಿರೆಯ ಆಳ್ವಾಸ್‌ನಂಥ ಸಂಸ್ಥೆಗಳು ಕ್ರೀಡಾಪಟುಗಳನ್ನು ದತ್ತು ತೆಗೆದುಕೊಂಡು ಊಟ, ವಸತಿ, ಓದು ಎಲ್ಲ ನೋಡಿಕೊಳ್ಳುತ್ತವೆ. ಅಂಥವರ ಎದುರು ಬಸ್ಸಿನಲ್ಲಿ ಓಡಾಡುವ ತಂಡ ಗೆಲ್ಲುವುದು ಸುಲಭವಲ್ಲ. ಅದನ್ನು ಮುಚ್ಚಿಡದೆ ಹೇಳಿ, ಒಂದು ಗೇಮಿನಲ್ಲಿ 20 ಅಂಕ ತೆಗೆಯುವ ಗುರಿ ಕೊಟ್ಟರೆ ಆಟ ಬೆಳೆಯುತ್ತದೆ.

ಉಪನ್ಯಾಸಕಿ: ಪಂದ್ಯದ ದಿನ ಹೇಗಿರುತ್ತದೆ?

ನಿರ್ದೇಶಕರು: ಅರ್ಹತಾ ಪತ್ರಕ್ಕೆ ಪ್ರಾಂಶುಪಾಲರ ಸಹಿ, ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಗುರುತಿನ ಚೀಟಿ, ಇವು ಹಿಂದಿನ ದಿನವೇ ಒಂದು ಫೈಲಿನಲ್ಲಿರಬೇಕು. ಒಂದು ಕಾಗದ ಮರೆತು ಆಡದೆ ಹಿಂದಿರುಗಿದ ತಂಡಗಳಿವೆ. ಬೆಳಿಗ್ಗೆ ವರದಿ ಮಾಡಿಕೊಂಡು, ಚೀಟಿ ಎತ್ತಿ, ಯಾರ ಮೇಲೆ ಯಾರು ಎಂದು ತಿಳಿದ ಮೇಲೆ ಕಾಯುವುದೇ ಹೆಚ್ಚು ಹೊತ್ತು. ಕಾಯುವಾಗ ಬಿಸಿಲಿಗೆ ನಿಲ್ಲಬಾರದು, ಹೊಟ್ಟೆ ತುಂಬ ಉಣ್ಣಬಾರದು. ಟಿ.ಎ., ಡಿ.ಎ. ಹಣ ಕಡಿಮೆಯೆಂದು ಬೆಳಗಿನ ತಿಂಡಿ ಬಿಟ್ಟು ಆಡುವವರಿದ್ದಾರೆ, ಅವರಿಗೆ ಮೂರನೇ ಗೇಮಿನಲ್ಲಿ ಕಾಲು ಬರುವುದಿಲ್ಲ. ಹಣವನ್ನು ಕೈಗೆ ಕೊಡುವ ಬದಲು ಎಲ್ಲರನ್ನೂ ಒಂದೇ ಹೋಟೆಲಿನಲ್ಲಿ ಕೂರಿಸಿ ಇಡ್ಲಿ ತಿನ್ನಿಸುವುದು ವಾಸಿ.

ಉಪನ್ಯಾಸಕಿ: ಮನೆಯವರು ಕೇಳುವ ಪ್ರಶ್ನೆ ಒಂದೇ. ಇದರಿಂದ ಏನು ಪ್ರಯೋಜನ?

ನಿರ್ದೇಶಕರು: ನ್ಯಾಯವಾದ ಪ್ರಶ್ನೆ, ನೇರ ಉತ್ತರವೂ ಇದೆ. ಕೇಂದ್ರ ಸರ್ಕಾರದ ಕ್ರೀಡಾ ಕೋಟಾ ನೇಮಕಾತಿಯ ಆಟಗಳ ಪಟ್ಟಿಯಲ್ಲಿ ಬಾಲ್ ಬ್ಯಾಡ್ಮಿಂಟನ್ ಇದೆ. ಅಂತರ ವಿಶ್ವವಿದ್ಯಾಲಯ ಪಂದ್ಯದಲ್ಲಿ ತನ್ನ ವಿಶ್ವವಿದ್ಯಾಲಯವನ್ನು ಪ್ರತಿನಿಧಿಸಿದವರು ಆ ಕೋಟಾದಡಿ ಅರ್ಜಿ ಹಾಕಬಹುದು. ಗ್ರೂಪ್ ಸಿ ದರ್ಜೆಯ ನೇರ ನೇಮಕದ ಹುದ್ದೆಗಳಲ್ಲಿ ಶೇ 5ರವರೆಗೆ ಹೀಗೆ ತುಂಬಲು ಅವಕಾಶವಿದೆ. ಹಾಗೆಂದು ಆಡಿದವರಿಗೆಲ್ಲ ನೌಕರಿ ಎಂದು ಮಾತು ಕೊಡಬಾರದು. ಹುದ್ದೆ ಕಡಿಮೆ, ಕಾಯುವವರು ಹೆಚ್ಚು. ಪ್ರಮಾಣಪತ್ರವನ್ನು ಮಾತ್ರ ಜೋಪಾನವಾಗಿ ಇಡಿಸಬೇಕು, ಅದರ ನಕಲು ಕಾಲೇಜಿನಲ್ಲೂ ಇರಬೇಕು. ಹಾಜರಾತಿಯ ಮಾತೂ ಇದರೊಟ್ಟಿಗೆ ಬರುತ್ತದೆ. ಪಂದ್ಯಕ್ಕೆ ಹೋದ ದಿನಗಳನ್ನು ಶೇ 75ರ ಲೆಕ್ಕಕ್ಕೆ ಸೇರಿಸಿಕೊಳ್ಳಲು ವಿಭಾಗಗಳಿಗೆ ಅದೇ ವಾರ ಪತ್ರ ಹೋಗಬೇಕು. ಸೆಮಿಸ್ಟರ್ ಕೊನೆಗೆ ಕೇಳಿದರೆ ಯಾರಿಗೂ ನೆನಪಿರುವುದಿಲ್ಲ.

ಉಪನ್ಯಾಸಕಿ: ಇಷ್ಟೆಲ್ಲ ಮಾಡಿ ಕಟ್ಟಿದ ತಂಡ ಮೂರು ವರ್ಷಕ್ಕೆ ಚದುರಿಹೋಗುತ್ತದಲ್ಲ ಸರ್.

ನಿರ್ದೇಶಕರು: ಕಾಲೇಜು ತಂಡದ ಬಾಳುವೆಯೇ ಅದು. ಕ್ಲಬ್ಬಿನಲ್ಲಿ ಒಬ್ಬ ಆಟಗಾರ ಇಪ್ಪತ್ತು ವರ್ಷ ಆಡಬಹುದು. ಇಲ್ಲಿ ಆರು ಸೆಮಿಸ್ಟರ್. ಆಟ ಪಳಗುವ ಹೊತ್ತಿಗೆ ಮಾರ್ಕ್ಸ್‌ಕಾರ್ಡ್ ಕೈಗೆ ಬರುತ್ತದೆ. ಆದ್ದರಿಂದ ತಂಡದ ಬಲವನ್ನು ಈ ವರ್ಷದ ಐವರಿಂದ ಅಳೆಯದೆ ಮೊದಲ ವರ್ಷದಲ್ಲಿ ಎಷ್ಟು ಜನ ರಾಕೆಟ್ ಹಿಡಿದಿದ್ದಾರೆ ಎಂಬುದರಿಂದ ಅಳೆಯಬೇಕು. ಐವರೂ ಅಂತಿಮ ವರ್ಷದವರಾಗಿ ಕಪ್ ಗೆದ್ದ ಕಾಲೇಜು ಮರುವರ್ಷ ತಂಡವೇ ಇಲ್ಲದೆ ನಿಲ್ಲುತ್ತದೆ. ಅಂತಿಮ ವರ್ಷದವರು ಇಬ್ಬರು, ನಡುವಿನವರು ಇಬ್ಬರು, ಹೊಸಬ ಒಬ್ಬ. ಹೀಗೆ ಇಳಿಸಿದ ತಂಡ ಒಂದೆರಡು ಪಂದ್ಯ ಹೆಚ್ಚು ಸೋಲಬಹುದು, ಆದರೆ ಹತ್ತು ವರ್ಷ ಬಾಳುತ್ತದೆ. ಹೊರಗಿನಿಂದ ಪಳಗಿದವರನ್ನು ಕರೆತಂದು ಪ್ರವೇಶ ಕೊಡಿಸಿ ಗೆಲ್ಲುವ ದಾರಿಯೂ ಇದೆ. ಚಿಕ್ಕ ಕಾಲೇಜಿಗೆ ಆ ದಾರಿ ಬೇಡ. ಊರಿನ ಮಗು ಬೆಂಚಿನ ಮೇಲೆ ಕೂತು ಮೂರು ವರ್ಷ ಚಪ್ಪಾಳೆ ತಟ್ಟುವುದಕ್ಕೆ ಕ್ರೀಡಾ ಶುಲ್ಕ ಕಟ್ಟಿಲ್ಲ.

ಉಪನ್ಯಾಸಕಿ: ಬಿಟ್ಟು ಹೋಗುವವರಿಂದ ಏನೇನು ಉಳಿಸಿಕೊಳ್ಳಬೇಕು?

ನಿರ್ದೇಶಕರು: ಒಂದು ನೋಟ್‌ಬುಕ್. ಅಂಕಣದ ಅಳತೆ, ಎಲ್ಲಿ ಗಟ್ ಹಾಕಿಸಿದ್ದು, ಯಾವ ತಂಡದ ವಿರುದ್ಧ ಎಷ್ಟು ಅಂಕ, ಯಾರ ಸರ್ವ್ ಯಾವ ಕಡೆ ತಿರುಗುತ್ತದೆ, ಯಾವ ತಿಂಗಳಲ್ಲಿ ಮಳೆಗೆ ಅಭ್ಯಾಸ ನಿಂತಿತು, ಎಲ್ಲವೂ ಅದರಲ್ಲಿರಬೇಕು. ಬರೆಯುವ ಕೆಲಸ ಪ್ರತಿ ವರ್ಷ ಎರಡನೇ ವರ್ಷದ ಒಬ್ಬರಿಗೆ. ಅದರ ಜೊತೆಗೆ, ಅಂತಿಮ ಪರೀಕ್ಷೆಗೆ ಮೊದಲು ಹಳಬರು ಒಂದು ತಂಡ, ಹೊಸಬರು ಒಂದು ತಂಡವಾಗಿ ಮೂರು ಗೇಮಿನ ಪಂದ್ಯ. ಅಲ್ಲಿ ಅಂಪೈರ್ ಕುರ್ಚಿಯಲ್ಲೂ ವಿದ್ಯಾರ್ಥಿಯೇ ಕೂರಬೇಕು.

ಉಪನ್ಯಾಸಕಿ: ಅಂಪೈರ್ ಕೆಲಸ ಯಾಕೆ?

ನಿರ್ದೇಶಕರು: ಎಲ್ಲರೂ ಆಟಗಾರರಾಗಿ ಮುಂದುವರಿಯುವುದಿಲ್ಲ. ಪದವಿಯಾದ ಮೇಲೆ ಕೆಲವರಿಗೆ ಗಣೇಶೋತ್ಸವ, ರಾಜ್ಯೋತ್ಸವದ ಹೊನಲು ಬೆಳಕಿನ ಪಂದ್ಯಾವಳಿಗಳು, ಕೆಲವರಿಗೆ ಊರಿನ ಯುವಕ ಸಂಘದ ತಂಡ. ಬಿ.ಪಿ.ಎಡ್. ಓದಿ ಶಾಲೆಗಳಿಗೆ ಹೋಗುವವರೂ ಇರುತ್ತಾರೆ. ಈ ಎಲ್ಲ ಕಡೆಯೂ ನಿಯಮ ತಿಳಿದು ಧೈರ್ಯವಾಗಿ ತೀರ್ಪು ಕೊಡುವವರ ಕೊರತೆ ಇದ್ದೇ ಇದೆ. ತಾಲ್ಲೂಕು ಮಟ್ಟದ ಶಾಲಾ ಪಂದ್ಯಕ್ಕೆ ಒಬ್ಬ ಅಂಪೈರ್, ಒಬ್ಬ ಸ್ಕೋರರ್, ಗೆರೆ ನೋಡುವವರು ಬೇಕು. ಕಾಲೇಜಿನ ಹಳೆಯ ಆಟಗಾರರು ಆ ಕೆಲಸಕ್ಕೆ ಹೋದರೆ ಅಲ್ಲಿ ಚೆನ್ನಾಗಿ ಆಡುವ ಹತ್ತನೇ ತರಗತಿಯ ಮಕ್ಕಳು ಯಾರು, ಯಾವ ಊರಿನವರು ಎಂದು ಅವರಿಗೇ ಮೊದಲು ತಿಳಿಯುತ್ತದೆ. ಆ ಹೆಸರುಗಳನ್ನೂ ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ಬರೆಸಿಡಿ ಮೇಡಂ. ಪಿ.ಯು. ಮುಗಿಸಿ ಅವರು ಪ್ರವೇಶಕ್ಕೆ ಬರುವ ವರ್ಷ ಬೇಕಾಗುತ್ತದೆ.